ಮೈನಸ್ ಆರು ಮೀಟರ್ ಕಂಬ

ಭಯದಲ್ಲಿ ಎರಡು ಬಗೆ. ಗೊತ್ತಿಲ್ಲದ್ದನ್ನು ಕಂಡು ಹೆದರುವುದು ಒಂದು. ಅದು ಮಕ್ಕಳಿಗೆ ಬರುವಂಥದು, ದೀಪ ಹಚ್ಚಿದರೆ ಹೋಗುತ್ತದೆ. ತನಗೆ ಗೊತ್ತಿಲ್ಲ ಎಂಬುದು ಉಳಿದವರಿಗೆ ಗೊತ್ತಾಗಿಬಿಟ್ಟರೆ ಎಂದು ಹೆದರುವುದು ಇನ್ನೊಂದು. ಇದು ದೊಡ್ಡವರಿಗೆ ಬರುವಂಥದು, ದೀಪ ಹಚ್ಚಿದರೆ ಜಾಸ್ತಿಯಾಗುತ್ತದೆ. ನಮ್ಮ ರ‍್ಯಾಂಕ್ ಭಾವನಿಗೆ ಹನ್ನೆರಡು ವರ್ಷದಿಂದ ಅಂಟಿಕೊಂಡಿದ್ದದ್ದು ಈ ಎರಡನೆಯದು.

ಅವನು ಹೆಂಡತಿಯ ಅಣ್ಣನ ಕಬ್ಬಿಣದ ವರ್ಕ್‌ಶಾಪಿನಲ್ಲಿ ಸ್ಟೋರ್ ಕೀಪರ್. ನಟ್ಟು, ಬೋಲ್ಟು, ವಾಷರುಗಳನ್ನು ಅಳತೆಯ ಪ್ರಕಾರ ಡಬ್ಬಿಗೆ ತುಂಬಿ ಮೇಲೆ ಚೀಟಿ ಅಂಟಿಸುವುದು ಕೆಲಸ. ಅದನ್ನು ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ಮದುವೆಯ ಮಾತುಕತೆಯ ದಿನ, ಹುಡುಗ ಏನು ಓದಿದ್ದಾನೆ ಎಂದು ಕೇಳಿದವರಿಗೆ, "ಕ್ಯಾಲ್ಕುಲಸ್‌ನಲ್ಲಿ ಕಾಲೇಜಿಗೇ ಎರಡನೆಯವನು" ಎಂದುಬಿಟ್ಟಿದ್ದ. ಸುಳ್ಳಲ್ಲ. ಆ ವರ್ಷ ಕ್ಯಾಲ್ಕುಲಸ್ ಪರೀಕ್ಷೆಗೆ ಕೂತವರು ಎಷ್ಟು ಜನ ಎಂದು ಯಾರೂ ಕೇಳಲಿಲ್ಲ, ಇಬ್ಬರೇ ಎಂದು ಅವನೂ ಹೇಳಲಿಲ್ಲ. ಅಂದಿನಿಂದ ಹೆಂಡತಿಯ ಅಣ್ಣ ಅವನನ್ನು ರ‍್ಯಾಂಕ್ ಭಾವ ಎಂದು ಕರೆಯತೊಡಗಿದ. ಯಜಮಾನ ಕರೆದ ಮೇಲೆ ಕೇಳಬೇಕೆ, ವರ್ಕ್‌ಶಾಪಿನ ಕಾವಲುಗಾರನವರೆಗೆ ಎಲ್ಲರಿಗೂ ಅವನು ರ‍್ಯಾಂಕ್ ಭಾವನೇ ಆದ.

ಆ ಸೋಮವಾರ ಪುರಸಭೆಯಿಂದ ಒಂದು ಡ್ರಾಯಿಂಗ್ ಬಂತು. ಪಾರ್ಕಿನಲ್ಲಿ ಮಕ್ಕಳಿಗೆ ಜಾರುಬಂಡಿ. ಭಾವನ ಮಗಳು, ಮೂರನೇ ಕ್ಲಾಸಿನವಳು, ತಾನೇ ಪುರಸಭೆಗೆ ಒಂದು ಕಾಗದ ಬರೆದಿದ್ದಳು: "ನಮ್ಮ ಪಾರ್ಕಿನಲ್ಲಿ ಕೂರುವುದಕ್ಕೆ ಹದಿಮೂರು ಬೆಂಚುಗಳಿವೆ. ಜಾರುವುದಕ್ಕೆ ಏನೂ ಇಲ್ಲ." ಆ ಕಾಗದಕ್ಕೆ ಮಂಜೂರಾತಿ ಸಿಕ್ಕಿತು. ಬರುವ ಭಾನುವಾರ ಉದ್ಘಾಟನೆ, ಮೊದಲು ಜಾರುವವಳು ಕಾಗದ ಬರೆದ ಹುಡುಗಿಯೇ ಎಂದೂ ತೀರ್ಮಾನವಾಗಿತ್ತು.

ಜಾರುಬಂಡಿಯ ಮೇಲಿನ ಅರ್ಧ, ಮೂರು ಮೀಟರ್ ಎತ್ತರದಿಂದ ಬಾಗಿಕೊಂಡು ಬರುವ ಭಾಗ, ಬೇರೆ ಕಡೆ ತಯಾರಾಗಿ ಬಂದು ಪಾರ್ಕಿನಲ್ಲಿ ನಿಂತೂ ಆಗಿತ್ತು. ಅದರ ತುದಿಗೆ ಒಂದು ನೇರವಾದ ತಗಡನ್ನು ಬೆಸೆಯುವುದಷ್ಟೇ ಇವರ ಕೆಲಸ. ಬಾಗು ಮುಗಿಯುವ ಜಾಗದಲ್ಲಿ ಎಷ್ಟು ಇಳಿಜಾರಿದೆಯೋ ಸರಿಯಾಗಿ ಅಷ್ಟೇ ಇಳಿಜಾರಿಗೆ ತಗಡನ್ನು ಕೂರಿಸಬೇಕು. ಕೊಂಚ ಹೆಚ್ಚುಕಮ್ಮಿಯಾದರೂ ಬೆಸುಗೆಯಲ್ಲಿ ಗೆಣ್ಣು ಬಂದು, ಮೇಲಿಂದ ಬರುವ ಮಗು ಎಗರಿ ಬೀಳುತ್ತದೆ. ಡ್ರಾಯಿಂಗಿನಲ್ಲಿ ಆ ಇಳಿಜಾರನ್ನು ಬರೆದೂ ಇದ್ದರು. ಆದರೆ ಪುರಸಭೆಯ ಗುಮಾಸ್ತರಿಗೆ ಯಾವ ಕಾಗದ ಬಂದರೂ ಓದುವ ಮೊದಲು ತೂತು ಹೊಡೆದು ಕಡತಕ್ಕೆ ಪೋಣಿಸುವ ಅಭ್ಯಾಸ. ಇಳಿಜಾರಿನ ಸಂಖ್ಯೆ ಇದ್ದದ್ದು ಆ ತೂತಿನಲ್ಲಿ.

"ಇದೊಳ್ಳೆ ಕಥೆಯಾಯ್ತಲ್ಲ," ಎಂದು ಯಜಮಾನ ತೂತಿನೊಳಗಿಂದ ಕಿಟಕಿಯ ಬೆಳಕು ನೋಡಿದ. "ಎಲ್ಲಾ ಇದೆ, ಬೇಕಾದ್ದೊಂದು ಇಲ್ಲ. ಡ್ರಾಯಿಂಗ್ ಬರೆದೋರಿಗೆ ಒಂದು ಫೋನ್ ಹಾಕ್ಬಿಡ್ಲಾ?"

ಭಾವ ಸುಮ್ಮನಿದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಊಟದ ಡಬ್ಬಿ ತಂದಿದ್ದ ಹೆಂಡತಿ ಅಲ್ಲೇ ನಿಂತಿದ್ದಳು.

"ಫೋನ್ ಯಾಕೆ? ಬಾಗಿನ ಸಮೀಕರಣ ಕೆಳಗಡೆ ಬರೆದಿದ್ದಾರಲ್ಲ," ಎಂದ. "ನಾನೇನು ಸತ್ತು ಹೋಗಿದೀನಾ?"

ಹೆಂಡತಿ ಅಣ್ಣನ ಮುಖ ನೋಡಿದಳು. ಅಣ್ಣ ಹೆಮ್ಮೆಯಿಂದ ವೆಲ್ಡರನ ಮುಖ ನೋಡಿದ. ವೆಲ್ಡರ್ ಕಡಿಮೆ ಮಾತಿನವನು, ಕಪ್ಪು ಗಾಜಿನ ಮುಖವಾಡವನ್ನು ಹಣೆಗೇರಿಸಿ ಒಂದೇ ಮಾತು ಕೇಳಿದ.

"ನಂಗೆ ಆ ಲೆಕ್ಕವೆಲ್ಲ ಬೇಡ. ಬೆಸುಗೆಯಿಂದ ಒಂದು ಮೀಟರ್ ಮುಂದೆ ತಗಡಿನ ಕೆಳಗೆ ಆಸರೆಗೆ ಒಂದು ಕಂಬ ಬರುತ್ತೆ. ಅದನ್ನ ಎಷ್ಟುದ್ದ ಕತ್ತರಿಸ್ಲಿ? ಅಷ್ಟು ಹೇಳಿ."

"ನಾಳೆ ಹೇಳ್ತೀನಿ," ಎಂದ ಭಾವ. ಹೇಳಿದ ಮೇಲೆ ಅವನ ಅಂಗಾಲಿನಿಂದ ಚಳಿ ಹತ್ತತೊಡಗಿತು.

ಸಂಜೆ ಊಟದ ಮೇಜಿನ ಮೇಲೆ ಡ್ರಾಯಿಂಗ್ ಹರಡಿಕೊಂಡು ಕುಳಿತ. ಎಕ್ಸ್ ವರ್ಗ, ಅದಕ್ಕೆ ಎಕ್ಸ್ ವೈ, ಅದಕ್ಕೆ ವೈ ವರ್ಗ ಕೂಡಿಸಿದರೆ ಏಳು. ಬೆಸುಗೆಯ ಬಿಂದುವಿನಲ್ಲಿ ಎಕ್ಸ್ ಒಂದು, ವೈ ಎರಡು. ಅಂದರೆ ಅಳತೆಗೆಂದು ಪಾರ್ಕಿನಲ್ಲಿ ನೆಟ್ಟ ಗುರುತಿನ ಕಲ್ಲಿನಿಂದ ಒಂದು ಮೀಟರ್ ಮುಂದೆ, ನೆಲದಿಂದ ಎರಡು ಮೀಟರ್ ಮೇಲೆ. ಸಾಮಾನ್ಯವಾಗಿ ವೈ ಒಂದು ಕಡೆ, ಎಕ್ಸ್ ಒಂದು ಕಡೆ ಮನೆ ಮಾಡಿಕೊಂಡಿರುತ್ತವೆ. ಇಲ್ಲಿ ಅವು ಪಾಲಾಗದ ಅಣ್ಣತಮ್ಮಂದಿರಂತೆ ಒಂದೇ ಮನೆಯಲ್ಲಿ ಕಲೆತುಹೋಗಿದ್ದವು. ಇಂಥವನ್ನು ಬೇರೆ ಮಾಡಲು ಹೋಗದೆ, ಇದ್ದ ಹಾಗೆಯೇ ಲೆಕ್ಕ ಮಾಡಿ ಇಳಿಜಾರು ಹಿಡಿಯುವ ಉಪಾಯವೊಂದಿದೆ, ಅದಕ್ಕೆ ಇಂಪ್ಲಿಸಿಟ್ ಡಿಫರೆನ್ಶಿಯೇಶನ್ ಎನ್ನುತ್ತಾರೆ ಎಂಬಷ್ಟು ಅವನಿಗೆ ನೆನಪಿತ್ತು. ಹೆಸರು ನೆನಪಿದ್ದು ವಿದ್ಯೆ ಮರೆತವನಷ್ಟು ಅಪಾಯಕಾರಿ ಮನುಷ್ಯ ಇನ್ನೊಬ್ಬನಿಲ್ಲ.

ಹೆಂಡತಿ ಬಾಗಿಲಿಗೊರಗಿ ನೋಡುತ್ತಿದ್ದಳು. ಮಗಳು ಗಲ್ಲಕ್ಕೆ ಕೈಯಿಟ್ಟು ಎದುರಿಗೇ ಕುಳಿತಿದ್ದಳು. ಇಬ್ಬರ ಕಣ್ಣೆದುರು ಪೆನ್ನು ನಿಲ್ಲಿಸುವಂತಿರಲಿಲ್ಲ. ಎಕ್ಸ್ ವರ್ಗಕ್ಕೆ ಎರಡು ಎಕ್ಸ್ ಎಂದು ಬರೆದ. ಎಕ್ಸ್ ವೈಗೆ ವೈ ಒಂದು, ಎಕ್ಸ್ ಇಂಟು ಡಿವೈ ಬೈ ಡಿಎಕ್ಸ್ ಇನ್ನೊಂದು ಎಂದು ಬರೆದ. ಅದು ಹೇಗೆ ನೆನಪಾಯಿತೋ ಅವನಿಗೇ ಆಶ್ಚರ್ಯ. ಆ ಸಂತೋಷದಲ್ಲಿ ವೈ ವರ್ಗಕ್ಕೆ ಎರಡು ವೈ ಎಂದಷ್ಟೇ ಬರೆದು ಮುಂದಕ್ಕೆ ಹೋದ. ಏಳಕ್ಕೆ ಸೊನ್ನೆ. ಒಂದು, ಎರಡು ಹಾಕಿ ಕೂಡಿಸಿದ. ಉತ್ತರ ಬಂತು: ಮೈನಸ್ ಎಂಟು.

"ಬಂತಾ ಅಪ್ಪಾ?"

"ಬಂತು."

"ಅಪ್ಪಂಗೆ ಎಷ್ಟ್ ಬೇಗ ಬಂತು!" ಎಂದು ಮಗಳು ಒಳಗೆ ಓಡಿ, ಎದುರುಮನೆಯ ಗೆಳತಿಗೆ ಕಿಟಕಿಯಿಂದಲೇ ಕೂಗಿ ಹೇಳಿದಳು. ಎದುರುಮನೆಗೆ ಹೇಳಿದ ಮೇಲೆ ಬೀದಿಗೇ ಹೇಳಿದಂತೆ.

ಮರುದಿನ ವರ್ಕ್‌ಶಾಪಿನಲ್ಲಿ ವೆಲ್ಡರ್ ಕಾಗದದ ತುಂಡಿನ ಮೇಲೆ ಲೆಕ್ಕ ಮಾಡಿದ. ಬೆಸುಗೆ ಇರುವುದು ನೆಲದಿಂದ ಎರಡು ಮೀಟರ್ ಮೇಲೆ. ಒಂದು ಮೀಟರ್ ಮುಂದೆ ಹೋದರೆ ಎಂಟು ಮೀಟರ್ ಕೆಳಕ್ಕೆ. ಎರಡರಲ್ಲಿ ಎಂಟು ಹೋದರೆ ಮೈನಸ್ ಆರು.

"ಮೈನಸ್ ಆರು ಮೀಟರ್ ಕಂಬ," ಎಂದು ಅವನು ನಿಧಾನವಾಗಿ ಓದಿದ. "ಇಪ್ಪತ್ತೆರಡು ವರ್ಷ ಆಯ್ತು ನಾನು ಕಬ್ಬಿಣ ಕತ್ತರಿಸೋಕೆ ಶುರು ಮಾಡಿ. ಮೈನಸ್ ಕಂಬ ಕತ್ತರಿಸಿಲ್ಲ. ಯಾವ ಕಡೆಯಿಂದ ಗರಗಸ ಹಾಕ್ಬೇಕು?"

ಭಾವನಿಗೆ ತಪ್ಪಾಯಿತು ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಯಜಮಾನ ತೊಡೆ ತಟ್ಟಿಕೊಂಡು ಆ ಗಳಿಗೆಯನ್ನು ಹಾಳು ಮಾಡಿದ.

"ಗೊತ್ತಾಯ್ತು ಬಿಡ್ರಪ್ಪಾ! ಮೈನಸ್ ಅಂದ್ರೆ ನೆಲದ ಒಳಗೆ. ಕಂಬ ಅಲ್ಲ ಅದು, ಹಳ್ಳ! ಆರು ಮೀಟರ್ ಹಳ್ಳ ತೋಡ್ಬೇಕು, ತಗಡು ಅದರೊಳಗೆ ಇಳೀಬೇಕು. ಅಲ್ವಾ ಭಾವ?"

"ಒಂದ್ ರೀತಿ... ಹಾಗೇನೇ," ಎಂದ ಭಾವ. ಮನುಷ್ಯ ಜಾರುವುದಕ್ಕೆ ಜಾರುಬಂಡಿಯೇ ಬೇಕೆಂದಿಲ್ಲ.

ಹಳ್ಳಕ್ಕೆ ಪುರಸಭೆಯ ಒಪ್ಪಿಗೆ ಬೇಕಿತ್ತು. ಇಬ್ಬರೂ ಹೋದರು. ಅಲ್ಲಿನ ಇಂಜಿನಿಯರ್ ಸಾಹೇಬರು ಲೆಕ್ಕದ ಹಾಳೆಯನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು ನೋಡಿದರು. ಇವರಿಗೆ ತಿಳಿದೀತು, ಈಗ ಬೈದಾರು, ನಾನು ಬದುಕಿದೆ ಎಂದು ಭಾವ ಕಾಯುತ್ತಿದ್ದ.

"ಯಾರು ಮಾಡಿದ್ದು ಲೆಕ್ಕ?"

"ನಮ್ಮ ಭಾವ ಸಾರ್. ಕಾಲೇಜಿಗೇ ಎರಡನೆಯವರು," ಎಂದ ಯಜಮಾನ.

ಸಾಹೇಬರ ಹುಬ್ಬು ಇಳಿಯಿತು. "ಹೂಂ. ಮೈನಸ್ ಎಂಟು. ಇಂಥ ಬಾಗಿಗೆ ಸಾಮಾನ್ಯವಾಗಿ ಅಷ್ಟೇ ಬರೋದು," ಎಂದು ಸಹಿ ಹಾಕಿದರು. ಪಕ್ಕದ ಮೇಜಿನ ಗುಮಾಸ್ತರು ಸಹಿಯ ಮಸಿ ಆರುವ ಮೊದಲೇ ಹಾಳೆಗೆ ತೂತು ಹೊಡೆದರು.

"ಜಾರುಬಂಡಿ ಫಾರಂ ಬೇರೆ, ಹಳ್ಳದ ಫಾರಂ ಬೇರೆ," ಎಂದರು ಗುಮಾಸ್ತರು. "ಹಳ್ಳದ ಉದ್ದೇಶ ಅಂತ ಒಂದು ಕಾಲಂ ಇದೆ. ಏನು ತುಂಬ್ಲಿ?"

ಸಾಹೇಬರು ಯೋಚಿಸಿ, "ಮನರಂಜನೆ ಅಂತ ಬರೀರಿ," ಎಂದರು.

ಬುಧವಾರ ಪಾರ್ಕಿಗೆ ಅಗೆಯುವ ಯಂತ್ರ ಬಂತು, ಶುಕ್ರವಾರದ ಹೊತ್ತಿಗೆ ಆರು ಮೀಟರ್ ಹಳ್ಳ ಸಿದ್ಧವಾಯಿತು. ಎದುರುಮನೆಯ ಅಜ್ಜ ಕೋಲೂರಿಕೊಂಡು ಬಂದು ಇಣುಕಿ ನೋಡಿ, "ಏನಪ್ಪಾ ಇದು, ನೀರಿಗಾ?" ಎಂದು ಕೇಳಿದ. "ಅಲ್ಲ ಅಜ್ಜಾ, ಮಕ್ಕಳಿಗೆ," ಎಂದ ಕೆಲಸದವನು. ಅಜ್ಜ ಆ ಗಳಿಗೆಯಿಂದ ಮೊಮ್ಮಗಳ ಕೈ ಬಿಡಲಿಲ್ಲ. ಮಹಡಿ ಮನೆಯಾಕೆ ಪಾರ್ಕಿನ ಬೇಲಿಯವರೆಗೂ ಬಂದು, ಹಳ್ಳವನ್ನೂ ಮೇಲಿನ ಬಾಗನ್ನೂ ನೋಡಿ, "ಹತ್ತೋದಕ್ಕೆ ಮೆಟ್ಟಿಲಿದೆ, ಸರಿ. ಒಳಗಿಂದ ವಾಪಸ್ ಬರೋದಕ್ಕೆ?" ಎಂದು ಕೇಳಿದಳು. ಅದನ್ನು ಯಾರೂ ಯೋಚಿಸಿರಲಿಲ್ಲ. ಯಜಮಾನ ಕೂಡಲೇ ಏಣಿಯೊಂದನ್ನು ತರಿಸಿದ.

ಶನಿವಾರ ವೆಲ್ಡರ್ ಎಂಟು ಮೀಟರ್ ಉದ್ದದ ತಗಡನ್ನು ಬಾಗಿನ ತುದಿಗೆ ಬೆಸೆದು ಹಳ್ಳಕ್ಕೆ ಇಳಿಬಿಟ್ಟ. ಅದು ಇಳಿಜಾರಾಗಿರಲಿಲ್ಲ, ಗೋಡೆಯಾಗಿತ್ತು. ಭಾವ ಹಳ್ಳದ ಅಂಚಿನಲ್ಲಿ ನಿಂತು ಒಂದು ಕಲ್ಲು ಕೆಳಗೆ ಹಾಕಿದ. ಸದ್ದು ಬರುವುದು ತಡವಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನ ಪಾಲಿಗೆ ನೆಲ ನಿಜವಾಗಿಯೂ ಡೊಂಕೇ, ಎಷ್ಟು ಡೊಂಕು ಎಂದು ಹೇಳುವುದೊಂದೇ ಇವನ ಕೆಲಸವಾಗಿತ್ತು, ಅದೂ ಆಗಲಿಲ್ಲ.

ಪಕ್ಕದಲ್ಲಿ ಮಗಳು ಬಂದು ನಿಂತಿದ್ದಳು. ಅವಳೂ ಬಗ್ಗಿ ನೋಡಿದಳು. ಅವಳ ಕೈ ಅವನ ಕೈಯೊಳಗೆ ಬಂತು, ತಣ್ಣಗಿತ್ತು.

"ಅಪ್ಪಾ, ನಾಳೆ ನಾನು ಇದರೊಳಗಾ ಜಾರೋದು?"

"ಹೂಂ... ಯಾಕೆ? ಹೆದ್ರಿಕೆ ಆಗುತ್ತಾ?"

"ಆಗುತ್ತೆ," ಎಂದಳು ಮಗಳು. ಆಮೇಲೆ ಇನ್ನೊಮ್ಮೆ ಬಗ್ಗಿ ನೋಡಿ, "ಆದ್ರೆ ನೀನು ಲೆಕ್ಕ ಹಾಕಿದೀಯಲ್ಲ. ಏನೂ ಆಗಲ್ಲ," ಎಂದಳು.

ಬೈದಿದ್ದರೂ, ಅತ್ತಿದ್ದರೂ ಅವನು ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ತನ್ನ ಮಾನ ಹೋಗುತ್ತದೆಂಬ ಹೆದರಿಕೆಯನ್ನು ಹನ್ನೆರಡು ವರ್ಷ ಸಾಕಿದವನಿಗೆ ಅಂದು ಮೊದಲ ಸಲ ಬೇರೆ ಹೆದರಿಕೆ ಹುಟ್ಟಿತು, ಅದರ ಮುಂದೆ ಹಳೆಯದು ಬೆಕ್ಕಿನ ಮರಿಯಾಗಿ ಕಂಡಿತು.

ಭಾನುವಾರ ಬೆಳಗ್ಗೆ ಹೆಂಡತಿ ಮಗಳಿಗೆ ಹೊಸ ಅಂಗಿ ಹಾಕುತ್ತಿದ್ದಾಗ, "ಈಗ ಬಂದೆ" ಎಂದು ಹೊರಬಿದ್ದ ಭಾವ ನೇರವಾಗಿ ಹೋದದ್ದು ಕಾಲೇಜಿಗೆ ಮೊದಲನೆಯವಳಾಗಿದ್ದ ಆ ಇನ್ನೊಬ್ಬಳ ಬಳಿಗೆ. ಅವಳು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ತೋಳಿನ ಬಾಗು ಕತ್ತರಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಹೆಸರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವನ ಲೆಕ್ಕದ ಹಾಳೆಯನ್ನು ನೋಡಿದಳು. ಮೂರನೇ ಸಾಲಿಗೆ ಬಂದಾಗ ಸೂಜಿ ತೆಗೆದಿಟ್ಟಳು.

"ವೈ ವರ್ಗಕ್ಕೆ ಎರಡು ವೈ ಅಂತ ಬರೆದು ಬಿಟ್ಬಿಟ್ಟಿದೀಯಲ್ಲೋ. ಡಿವೈ ಬೈ ಡಿಎಕ್ಸ್ ಎಲ್ಲಿ?"

"ಅದು ಅಲ್ಲೂ ಬರುತ್ತಾ?"

"ಅಲ್ಲೇ ಬರೋದು! ಎಕ್ಸ್ ತನ್ನಿಷ್ಟಕ್ಕೆ ನಡ್ಯೋದು. ವೈ ಅದರ ಹಿಂದೆ ನಡ್ಯೋದು. ಎಕ್ಸ್ ಒಂದು ಹೆಜ್ಜೆ ಇಟ್ರೆ ವೈ ಎಷ್ಟು ಸರಿಯುತ್ತೆ ಅನ್ನೋದೇ ನಿನ್ನ ಇಳಿಜಾರು. ಅದಕ್ಕೆ ವೈನ ಮುಟ್ಟಿದ ಕಡೆಯೆಲ್ಲ ಆ ಡಿವೈ ಬೈ ಡಿಎಕ್ಸ್ ಅನ್ನೋ ಬಾಲ ಹಚ್ಲೇಬೇಕು. ಎಕ್ಸ್ ವೈಲಿ ಹಚ್ಚಿದೀಯ, ವೈ ವರ್ಗದಲ್ಲಿ ಮರ್ತಿದೀಯ." ಸೀಮೆಸುಣ್ಣದಿಂದ ಬಟ್ಟೆಯ ಮೇಲೆಯೇ ಬರೆದಳು. "ಎರಡು ಎಕ್ಸ್ ಅಂದ್ರೆ ಎರಡು, ವೈ ಅಂದ್ರೆ ಎರಡು, ಕೂಡಿಸಿದ್ರೆ ನಾಲ್ಕು. ಬಾಲ ಎಕ್ಸ್ ವೈಲಿ ಒಂದು, ವೈ ವರ್ಗದಲ್ಲಿ ನಾಲ್ಕು, ಒಟ್ಟು ಐದು. ಐದು ಬಾಲ ಪ್ಲಸ್ ನಾಲ್ಕು, ಸಮ ಸೊನ್ನೆ. ಅಂದ್ರೆ ಇಳಿಜಾರು ಮೈನಸ್ ನಾಲ್ಕು ಬೈ ಐದು. ಒಂದು ಮೀಟರ್ ಮುಂದೆ ಹೋದ್ರೆ ಎಂಬತ್ತು ಸೆಂಟಿಮೀಟರ್ ಕೆಳಗೆ, ಅಷ್ಟೇ."

"ಹಂಗಾದ್ರೆ ಕಂಬ?"

"ಎರಡರಲ್ಲಿ ಎಂಬತ್ತು ಸೆಂಟಿಮೀಟರ್ ಕಳಿ. ಒಂದು ಮೀಟರ್ ಇಪ್ಪತ್ತು. ನೀನು ಎಷ್ಟು ಹೇಳಿದ್ದೆ?"

ಭಾವ ಹಾಳೆ ಎತ್ತಿಕೊಂಡು ಓಡಿದ. ಓಣಿಯ ತಿರುವಿನಲ್ಲಿ ಅವನ ಒಂದು ಚಪ್ಪಲಿ ಕಿತ್ತು ಬಿದ್ದದ್ದನ್ನು ಕಂಡವರಿದ್ದಾರೆ, ಅವನು ತಿರುಗಿ ನೋಡಿದ್ದನ್ನು ಕಂಡವರಿಲ್ಲ.

ಪಾರ್ಕಿನಲ್ಲಿ ಹದಿಮೂರು ಬೆಂಚೂ ತುಂಬಿದ್ದವು. ಸಾಹೇಬರು ಭಾಷಣದ ನಡುವಿನಲ್ಲಿದ್ದರು. "ಬೇರೆ ಊರಿನ ಜಾರುಬಂಡಿಗಳು ನೆಲಕ್ಕೆ ಬಂದು ನಿಲ್ಲುತ್ತವೆ. ನಮ್ಮದು ನಿಲ್ಲುವುದಿಲ್ಲ!" ಜನ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಕೈ ಹತ್ತಿರ ತಂದು ಹಿಡಿದಿದ್ದರು. ಮಗಳು ಮೆಟ್ಟಿಲು ಹತ್ತಿ ಮೂರು ಮೀಟರ್ ಎತ್ತರದಲ್ಲಿ ಕುಳಿತಾಗಿತ್ತು. ಎರಡೂ ಕೈಗಳಿಂದ ಅಂಚನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ಬಿಳಿಚಿಕೊಂಡಿದ್ದವು. "ಒಂದು... ಎರಡು..." ಎಂದು ಯಜಮಾನ ಎಣಿಸತೊಡಗಿದ್ದ.

"ಬೇಡಾ! ಕೈ ಬಿಡ್ಬೇಡ್ವೇ! ಲೆಕ್ಕ ತಪ್ಪು!"

ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಕೈಯಲ್ಲಿ ಹಾಳೆ ಹಿಡಿದು ಓಡಿ ಬಂದ ಭಾವ ಮೆಟ್ಟಿಲು ಹತ್ತಿ ಮಗಳನ್ನು ಹಿಂದಿನಿಂದ ತಬ್ಬಿ ಹಿಡಿದ. ಅಲ್ಲಿಂದಲೇ, ಮೂರು ಮೀಟರ್ ಎತ್ತರದಿಂದ, ಊರಿಗೆಲ್ಲ ಕೇಳುವ ಹಾಗೆ ಎಲ್ಲವನ್ನೂ ಹೇಳಿದ. ಬಾಲ ಮರೆತದ್ದು ಹೇಳಿದ. ಕಾಲೇಜಿಗೆ ಎರಡನೆಯವನು, ಇದ್ದವರು ಇಬ್ಬರೇ ಎಂದೂ ಹೇಳಿದ.

ಮೊದಲು ಬಾಯಿ ಬಿಟ್ಟವರು ಸಾಹೇಬರು.

"ಸದ್ಯ! ನನಗೂ ಮೊದಲೇ ಅನುಮಾನ ಇತ್ತು."

"ಮತ್ತೆ ಸಹಿ ಹಾಕಿದ್ರಲ್ಲ ಸಾರ್?" ಎಂದ ಯಜಮಾನ.

"ನೀವು ಕಾಲೇಜಿಗೇ ಎರಡನೆಯವರು ಅಂದ್ರಲ್ಲ! ನಿಮಗೆ ಅನುಮಾನ ಬರ್ಲಿಲ್ವಾ?"

"ಬಂತು ಸಾರ್. ಆದ್ರೆ ನೀವು ಸಹಿ ಹಾಕಿದ್ರಲ್ಲ!"

ಇಬ್ಬರೂ ವೆಲ್ಡರನ ಕಡೆ ತಿರುಗಿದರು. "ಮೈನಸ್ ಕಂಬಕ್ಕೆ ಗರಗಸ ಎಲ್ಲಿಂದ ಹಾಕ್ಬೇಕು ಅಂತ ನಾನು ಮಂಗಳವಾರವೇ ಕೇಳಿದ್ದೆ," ಎಂದು ಅವನು ಮುಖವಾಡ ಇಳಿಸಿಕೊಂಡ. ಹಳ್ಳ ಮುಚ್ಚುವುದಕ್ಕೆ ಬೇರೆ ಫಾರಂ ಇದೆ ಎಂದು ಗುಮಾಸ್ತರು ಜ್ಞಾಪಿಸಿದರು. ಹೆಂಡತಿ ಮಗಳನ್ನು ಇಳಿಸಿಕೊಂಡು, ಗಂಡನ ಬರಿಗಾಲನ್ನು ನೋಡಿ, ಮನೆಗೆ ನಡೆದಳು. ದಾರಿಯುದ್ದಕ್ಕೂ ಮಗಳು ಅಪ್ಪನ ಕೈ ಹಿಡಿಯಲಿಲ್ಲ.

ಹಳ್ಳ ತುಂಬಲು ಒಂದು ವಾರ ಹಿಡಿಯಿತು. ಒಂದು ಮೀಟರ್ ಇಪ್ಪತ್ತರ ಕಂಬ ಬಂದು ನಿಂತಿತು, ತಗಡು ಅದರ ಮೇಲೆ ಒರಗಿ ಮರಳಿನ ಹಾಸಿಗೆಗೆ ಬಂದು ಮುಟ್ಟಿತು. ಆ ವಾರವೆಲ್ಲ ಬೀದಿ ಅವನನ್ನು ನೋಡಿ ನಕ್ಕಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ಅವನಿಗೆ ಅದರ ಚಿಂತೆ ಹತ್ತಲೇ ಇಲ್ಲ. ಚಿಂತೆ ಬೇರೆಯೇ ಇತ್ತು. ಮಗಳು ಈಗ ಶಾಲೆಯ ಕೂಡುವ ಲೆಕ್ಕವನ್ನೂ ಅಮ್ಮನಿಗೇ ತೋರಿಸುತ್ತಿದ್ದಳು.

ಎರಡನೆಯ ಭಾನುವಾರ ಭಾಷಣವಿರಲಿಲ್ಲ. ಮಗಳು ಮೇಲೆ ಹತ್ತಿ ಕುಳಿತಳು, ಕೆಳಗೆ ನೋಡಿದಳು, ಇಳಿಯಲಿಲ್ಲ. ಹಿಂದೆ ಮಕ್ಕಳ ಸಾಲು ಬೆಳೆಯಿತು.

"ಜಾರಮ್ಮಾ, ಈ ಸಲ ಸರಿ ಇದೆ," ಎಂದ ಭಾವ.

"ಹೋದ್ಸಲಾನೂ ನೀನು ಲೆಕ್ಕ ಬಂತು ಅಂದಿದ್ದೆ."

ಭಾವ ಮೆಟ್ಟಿಲು ಹತ್ತಿದ. ಮಗಳನ್ನು ಪಕ್ಕಕ್ಕೆ ಸರಿಸಿ ತಾನು ಕುಳಿತ. ಮೂರು ಮೀಟರ್ ಎಂಬುದು ಕಾಗದದ ಮೇಲೆ ಏನೂ ಅಲ್ಲ. ಅಲ್ಲಿ ಕುಳಿತವನಿಗೆ ನೆಲವೆಂಬುದು ಪರದೇಶದಂತೆ ಕಾಣುತ್ತದೆ. ಐದು ಬಾಲ ಪ್ಲಸ್ ನಾಲ್ಕು ಸಮ ಸೊನ್ನೆ, ಐದು ಬಾಲ ಪ್ಲಸ್ ನಾಲ್ಕು ಸಮ ಸೊನ್ನೆ ಎಂದು ಬಾಯಲ್ಲೇ ಹೇಳಿಕೊಂಡ. ಕಣ್ಣು ಮುಚ್ಚಿ ಕೈ ಬಿಟ್ಟ.

ಬಾಗಿನ ಮೇಲೆ ಜಾರುತ್ತಾ, ಈಗ ಬೆಸುಗೆ ಬಂತು, ಈಗ ಬಂತು, ಈಗ ಎಗರಿಬಿದ್ದೆ ಎಂದು ಹಲ್ಲು ಕಚ್ಚಿ ಕಾದ. ಯಾವುದೂ ತಾಗಲಿಲ್ಲ. ಕಣ್ಣು ಬಿಟ್ಟಾಗ ಮರಳಿನಲ್ಲಿ ಕುಳಿತಿದ್ದ, ಬಾಗು ಎಲ್ಲಿ ಮುಗಿಯಿತು, ತಗಡು ಎಲ್ಲಿ ಶುರುವಾಯಿತು ಎಂದು ಅವನಿಗೆ ಗೊತ್ತೇ ಆಗಿರಲಿಲ್ಲ. ಕುಳಿತಲ್ಲಿಂದಲೇ ಸರಿ ಇದೆ, ಬಾ, ಎಂದು ಮೇಲಕ್ಕೆ ಕೂಗಿ ಹೇಳೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಬೆನ್ನಿಗೆ ಮಗಳ ಎರಡು ಪುಟ್ಟ ಪಾದಗಳು ಬಂದು ದಡ್ ಎಂದು ಬಡಿದವು.